ಆರು ವರ್ಷ ಕಾದವನು

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದು ಹದಿನಾಲ್ಕು ತಿಂಗಳಾಯಿತು, ನೇಮಕಾತಿ ಆದೇಶ ಇನ್ನೂ ಬಂದಿಲ್ಲ. ಪರೀಕ್ಷೆಗೆ ಓದುವಾಗ ಮ್ಯಾಗ್ನಾ ಕಾರ್ಟಾ ಎಂದರೆ 1215, ಜಾನ್ ದೊರೆ ಎಂದಷ್ಟೇ ಬಾಯಿಪಾಠ ಮಾಡಿದ್ದೆ. ಅದರ ಹಿಂದೆ ನನ್ನಂತೆ ಕಾದವನೊಬ್ಬನಿದ್ದ ಎಂದು ತಿಳಿದದ್ದು ಈಚೆಗೆ.

ಅವನೇ ಸ್ಟೀಫನ್ ಲ್ಯಾಂಗ್ಟನ್. 1207ರಲ್ಲಿ ಪೋಪ್ ಮೂರನೇ ಇನೊಸೆಂಟ್ ಅವನನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮಾಡಿದ. ಜಾನ್‌ಗೆ ಬೇಕಿದ್ದವನು ಬೇರೊಬ್ಬ. ಲ್ಯಾಂಗ್ಟನ್‌ನನ್ನು ಇಂಗ್ಲೆಂಡಿಗೆ ಕಾಲಿಡಲು ಬಿಡಲಿಲ್ಲ. ಸಿಟ್ಟಾದ ಪೋಪ್ ಅಲ್ಲಿನ ಚರ್ಚುಗಳ ಆರಾಧನೆಯನ್ನೇ ನಿಲ್ಲಿಸಿದ. ಇಬ್ಬರು ದೊಡ್ಡವರ ಜಗಳದಲ್ಲಿ ಈತ ಫ್ರಾನ್ಸಿನಲ್ಲಿ ಕಾಯುತ್ತ ಕುಳಿತ. ಇಂಗ್ಲೆಂಡಿಗೆ ಬಂದದ್ದು 1213ರಲ್ಲಿ.

ಅವನ ತಾಳ್ಮೆಯನ್ನು ನಾನು ಹೊಗಳುತ್ತಿಲ್ಲ. ಕಾಯುವುದರಲ್ಲಿ ಹೆಚ್ಚುಗಾರಿಕೆ ಏನಿದೆ, ನಾವೆಲ್ಲ ಅದನ್ನೇ ಮಾಡುತ್ತಿದ್ದೇವಲ್ಲ! ನನಗೆ ಹಿಡಿಸಿದ್ದು ಆಮೇಲಿನದು. ರಾಜನೂ ಕಾನೂನಿಗೆ ಬದ್ಧ ಎನ್ನುವ ಸನ್ನದಿಗೆ ಜಾನ್ ಮುದ್ರೆ ಒತ್ತುವ ಮುನ್ನ ಲ್ಯಾಂಗ್ಟನ್ ಎರಡೂ ಕಡೆಯವರ ನಡುವೆ ನಿಂತು ಮಾತನಾಡಿದ. ಅಷ್ಟರಲ್ಲಿ ಜಾನ್ ಪೋಪನಿಗೆ ಶರಣಾಗಿ ಅವನಿಗೆ ಬೇಕಾದವನಾಗಿದ್ದ. ರಾಜನ ವಿರುದ್ಧ ಎದ್ದ ಸರದಾರರನ್ನು ಧರ್ಮದಿಂದ ಬಹಿಷ್ಕರಿಸು ಎಂಬ ಆದೇಶ ಬಂತು, ಅದೂ ಹುದ್ದೆ ಕೊಟ್ಟ ಪೋಪನಿಂದಲೇ. ಲ್ಯಾಂಗ್ಟನ್ ಒಪ್ಪಲಿಲ್ಲ. ಅಮಾನತಾದ.

‘ಆರ್ಡರ್ ಒಂದು ಕೈಗೆ ಬರಲಿ, ಮೇಲಿನವರು ಹೇಳಿದ ಕಡೆ ಸಹಿ ಹಾಕ್ತೀನಿ’ ಎಂದು ನಮ್ಮ ರೂಮಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಈಗೀಗ ಆ ಮಾತಿಗೆ ನಾಲಿಗೆ ತಡವರಿಸುತ್ತದೆ.