ವೇದಿಕೆಯ ನೀರು, ನಲ್ಲಿಯ ನೀರು

ಮೊನ್ನೆ ನಮ್ಮ ಕಾಲೇಜಿನ ಕನ್ನಡ ಸಂಘದಲ್ಲಿ ಶಾಸನಸಾಹಿತ್ಯವನ್ನು ಕುರಿತು ಒಂದು ಉಪನ್ಯಾಸವಿತ್ತು. ಉಪನ್ಯಾಸಕನು ನಾನೇ. ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನವನ್ನೂ, ಹಾಲೂಡಿಸುತ್ತಲೇ ಮಗನ ಕಿವಿಗೆ ಕೆರೆಬಾವಿಗಳ ಮಾತು ಹಾಕಿದ ಆ ತಾಯಿಯನ್ನೂ, ದಾರಿಹೋಕರಿಗೆಂದು ಅರವಟ್ಟಿಗೆಗಳನ್ನಿಡಿಸಿದ ಪುಣ್ಯವಂತರನ್ನೂ ಸಾಕಷ್ಟು ಆವೇಶದಿಂದಲೇ ವರ್ಣಿಸಿದೆ. ಗಂಟಲೊಣಗಿತು. ಮುಂದಿದ್ದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತಿರುಚಿ, ಎರಡು ಗುಟುಕು ಕುಡಿದು, ಮಾತು ಮುಂದುವರಿಸಿದೆ.

ಸಭೆ ಮುಗಿದ ಮೇಲೆ ನೋಡುತ್ತೇನೆ: ಮೇಜಿನ ಮೇಲೆ ಆರು ಬಾಟಲಿಗಳು, ಒಂದೊಂದರಲ್ಲಿಯೂ ಅರ್ಧಕ್ಕೆ ಮೇಲ್ಪಟ್ಟು ನೀರು. ಜವಾನನು ಆ ನೀರನ್ನು ಗಿಡಗಳ ಬುಡಕ್ಕೆ ಸುರಿದು ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದನು. ಹೊರಗೆ ವಿದ್ಯಾರ್ಥಿಗಳ ನಲ್ಲಿಯ ಬಳಿ ಹುಡುಗಿಯೊಬ್ಬಳು ಸ್ಟೀಲಿನ ಬಾಟಲಿ ಹಿಡಿದು ಬಹಳ ಹೊತ್ತಿನಿಂದ ನಿಂತಿದ್ದಳು. "ನೀರು ಬರುತ್ತಿಲ್ಲವೇನಮ್ಮ?" ಎಂದೆ. "ಫಿಲ್ಟರ್ ಕೆಟ್ಟು ಎರಡು ತಿಂಗಳಾಯಿತು, ಸರ್. ತಾವು ಈ ಕಡೆ ಬರುವುದಿಲ್ಲ, ಗೊತ್ತಿರಲಿಕ್ಕಿಲ್ಲ" ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ನನಗೆ ಮಾತ್ರ ಅದು ನಾಟಿತು.

ಬಾಟಲಿಯ ಕೇಡೆಂದರೆ ಕಸವೆಂದೇ ನಾವು ತಿಳಿದಿದ್ದೇವೆ. ಕಸವೂ ಹೌದು, ಪೆಟ್ರೋಲಿಯಂ ಮೂಲದ ಆ ವಸ್ತು ಮಣ್ಣಿನಲ್ಲಿ ಕೊಳೆಯದೆ ಚೂರುಚೂರಾಗುತ್ತ ಉಳಿದೇ ಇರುತ್ತದೆ. ಒಳಗಿನ ನೀರು ನಿರ್ಮಲವೆಂಬ ನಂಬಿಕೆಗೂ ಈಚೆಗೆ ಪೆಟ್ಟು ಬಿದ್ದಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಬಾಟಲಿನೀರನ್ನು ಪರೀಕ್ಷಿಸಿ, ಲೀಟರಿಗೆ ಸರಾಸರಿ ೨,೪೦,೦೦೦ದಷ್ಟು ಪ್ಲಾಸ್ಟಿಕ್ ಕಣಗಳಿವೆಯೆಂದು ೨೦೨೪ರಲ್ಲಿ ಪ್ರಕಟಿಸಿದರು. ಅವುಗಳಿಂದ ದೇಹಕ್ಕಾಗುವ ಹಾನಿಯೆಷ್ಟೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆದುದರಿಂದ ಹೆದರಿಸಲು ಹೊರಟವನಲ್ಲ ನಾನು. ನನಗೆ ತೋರುವ ದೊಡ್ಡ ಕೇಡು ಬೇರೆ. ನಲ್ಲಿಯನ್ನು ರಿಪೇರಿ ಮಾಡಿಸಬಲ್ಲವರೆಲ್ಲರೂ ಬಾಟಲಿ ಹಿಡಿದ ಮೇಲೆ ನಲ್ಲಿಯ ಯೋಗಕ್ಷೇಮ ಕೇಳುವವರಾರು? ಅಧ್ಯಾಪಕರಾದ ನಾವೂ ಅದೇ ನೀರನ್ನು ಕುಡಿಯುತ್ತಿದ್ದರೆ ಆ ಫಿಲ್ಟರು ಎರಡು ದಿನದಲ್ಲಿ ಸರಿಹೋಗುತ್ತಿತ್ತು.

ಎಲ್ಲ ಊರಿನ ನಲ್ಲಿನೀರೂ ಕುಡಿಯಲು ಯೋಗ್ಯವೆಂದು ನಾನು ಹೇಳಲಾರೆ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡಿದೆ. ಅದು ಕುದಿಸಿದರೂ ಹೋಗದು. ಅಲ್ಲಿಯ ಹಳ್ಳಿಗರು ಶುದ್ಧ ನೀರಿನ ಘಟಕಕ್ಕೆ ಬಿಂದಿಗೆಯನ್ನೋ ಕ್ಯಾನನ್ನೋ ಒಯ್ದು, ನಾಣ್ಯ ಹಾಕಿ ತುಂಬಿಸಿಕೊಂಡು ಬರುತ್ತಾರೆ. ನಾಳೆಗೂ ಅದೇ ಬಿಂದಿಗೆ. ಫ್ಲೋರೈಡಿನ ನಾಡಿನಲ್ಲಿ ನಡೆಯುವುದು ನಮ್ಮ ಸಭಾಂಗಣದಲ್ಲಿ ನಡೆಯದೆಂದರೆ ಹೇಗೆ?

ಕಾನೂನು ನೋಡಿಕೊಳ್ಳುತ್ತದೆನ್ನುವಂತೆಯೂ ಇಲ್ಲ. ೨೦೨೨ರ ಜುಲೈ ೧ರಿಂದ ಕೇಂದ್ರ ಸರ್ಕಾರವು ನಿಷೇಧಿಸಿದ ಪ್ಲಾಸ್ಟಿಕ್ ಸಾಮಾನುಗಳ ಪಟ್ಟಿಯಲ್ಲಿ ಲೋಟ ಚಮಚಗಳಿವೆ, ನೀರಿನ ಬಾಟಲಿಯಿಲ್ಲ. ಪುಟ್ಟ ಸಿಕ್ಕಿಂ ರಾಜ್ಯವು ೨೦೧೬ರಲ್ಲಿಯೇ ಸರ್ಕಾರಿ ಸಭೆ ಸಮಾರಂಭಗಳಿಂದ ಬಾಟಲಿನೀರನ್ನು ಹೊರಗಿಟ್ಟಿತು. ಅದು ದೊಡ್ಡವರ ಮೇಜಿನಿಂದಲೇ ಆರಂಭಿಸಿತೆಂಬುದು ನನಗೆ ಮೆಚ್ಚಿಗೆ.

ಈ ಮಾತನ್ನೆತ್ತಿದಾಗ ಸಹೋದ್ಯೋಗಿ ಮಿತ್ರರೊಬ್ಬರು, "ಅತಿಥಿಗಳಿಗೆ ನಲ್ಲಿನೀರೇ? ಮರ್ಯಾದೆಯಲ್ಲ" ಎಂದರು. ಬಂದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸಿದ ಮನೆಯಲ್ಲಿಯೇ ಅವರೂ ಬೆಳೆದವರು! ಮುಂದಿನ ಸಭೆಗೆ ಹಿತ್ತಾಳೆಯ ಕೊಡವನ್ನೂ ಲೋಟಗಳನ್ನೂ ಇಡುವುದೆಂದು ಸಂಘದ ವಿದ್ಯಾರ್ಥಿಗಳು ಒಪ್ಪಿದ್ದಾರೆ. ನೀರು ಆ ನಲ್ಲಿಯದೇ ಆಗಬೇಕು. ಆದುದರಿಂದ ಅದು ಮೊದಲು ಸರಿಹೋಗಬೇಕು. ಪ್ರಾಂಶುಪಾಲರಿಗೆ ಮನವಿ ಬರೆದಿದ್ದೇನೆ. ಅಧ್ಯಾಪಕರ ಕೊಠಡಿಗೂ ಇನ್ನು ಬಾಟಲಿ ತರಿಸುವುದು ಬೇಡವೆಂಬ ಒಂದು ಸಾಲನ್ನು ಕೊನೆಯಲ್ಲಿ ಸೇರಿಸಿ. ನನ್ನದನ್ನು ಬಿಟ್ಟರೆ ಅದರ ಮೇಲೆ ಇದುವರೆಗೆ ಎರಡು ಸಹಿಗಳು ಬಿದ್ದಿವೆ.