ಹನ್ನೆರಡಕ್ಕ ಸಪೋರ್ಟ್ ಐತಿ

‘ಷೇರು’ ಅನ್ನೋದು ಗದಗ ಜಿಲ್ಲೆಯವರಿಗೆ ಮೊಬೈಲ್ ಜೊತೆ ಬಂದ ಪದ ಅಲ್ಲ. ನಮ್ಮ ಕೋಟುಮಚಗಿ ಇರೋ ಗದಗ ತಾಲೂಕಿನದೇ ಊರು ಕಣಗಿನಹಾಳ. ಅಲ್ಲಿ 1905ರಲ್ಲೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದರು. ದೇಶದ ಮೊದಲ ಕೃಷಿ ಸಹಕಾರ ಸಂಘ ಅಂತ ಶಾಲೆಯಲ್ಲೇ ಕೇಳಿಕೊಂಡು ಬೆಳೆದವರು ನಾವು. ಹಾಗಾಗಿ ನಮ್ಮ ಕಡೆ ಹಿರಿಯರಿಗೆ ಇವತ್ತಿಗೂ ಷೇರು ಅಂದ್ರೆ ಸೊಸೈಟಿ ಷೇರು. ಟ್ರಂಕಿನಲ್ಲಿ ಪಹಣಿ ಜೊತೆ ಮಡಚಿಟ್ಟ ಒಂದು ಕಾಗದ. ನೂರು ಕೊಟ್ಟಿದ್ರೆ ನೂರೇ, ಏರೋದಿಲ್ಲ, ಇಳಿಯೋದಿಲ್ಲ. ಬೀಜ–ಗೊಬ್ಬರಕ್ಕೆ ಸಾಲ ಸಿಗತ್ತೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ, ಸಭೆಯಲ್ಲಿ ಜಗಳ, ಜಗಳದ ನಂತರ ಉಪ್ಪಿಟ್ಟು. ಎರಡೆಕರೆಯವನಿಗೂ ಒಂದೇ ವೋಟು, ಐವತ್ತೆಕರೆಯವನಿಗೂ ಒಂದೇ ವೋಟು.

ಈಗಿನ ಹುಡುಗರ ಷೇರು ಬೇರೆ. 2020ರ ಮಾರ್ಚ್‌ನಲ್ಲಿ ಇಡೀ ದೇಶದಲ್ಲಿ ಸುಮಾರು 4 ಕೋಟಿ ಡಿಮ್ಯಾಟ್ ಖಾತೆ ಇದ್ದವು. 2022ರ ಆಗಸ್ಟ್‌ಗೆ 10 ಕೋಟಿ ದಾಟಿದವು. ಆ ಹೊಸ ಖಾತೆಗಳಲ್ಲಿ ನಮ್ಮೂರಿನವೂ ಒಂದಷ್ಟು ಇವೆ ಅನ್ನೋದು ನನಗೆ ಗೊತ್ತಾಗಿದ್ದು ಈ ಸಲ ಗಣಪತಿ ಹಬ್ಬಕ್ಕೆ ಹೋದಾಗ. ಪೆಂಡಾಲಿನ ಹಿಂದೆ ಕುರ್ಚಿ ಹಾಕ್ಕೊಂಡು ಐದಾರು ಜನ ಒಂದೇ ಕಂಪನಿ ಬಗ್ಗೆ ವಾದ ಮಾಡ್ತಿದ್ರು: ಬೆಂಗಳೂರಿನ ಸುಬೆಕ್ಸ್. ನನ್ನನ್ನು ಕಂಡ ಕೂಡಲೇ ಕಾಕಾನ ಮಗ, "ಅಣ್ಣ ಬಂದಾ ನೋಡ್ರಿ. ಸಾಫ್ಟ್‌ವೇರ್‌ನ್ಯಾಗ ಅದಾನ, ಅವನ್ನ ಕೇಳ್ರಿ" ಅಂದ. ಸಾಫ್ಟ್‌ವೇರ್‌ನಲ್ಲಿ ಇರೋರಿಗೆಲ್ಲ ಸಾಫ್ಟ್‌ವೇರ್ ಷೇರು ಗೊತ್ತಿರತ್ತೆ ಅನ್ನೋದು, ಟ್ರ್ಯಾಕ್ಟರ್ ಓಡಿಸೋನಿಗೆ ಟ್ರ್ಯಾಕ್ಟರ್ ಕಂಪನಿ ಲಾಭ ಗೊತ್ತಿರತ್ತೆ ಅಂದ ಹಾಗೆ. ಆದರೂ ಕುರ್ಚಿ ಎಳೆದುಕೊಂಡು ಕೂತೆ. ಯಾಕಂದ್ರೆ ಕಾಕಾ ಕೂಡ ಅಲ್ಲೇ ಇದ್ದರು, ಮತ್ತು ಚರ್ಚೆ ನಡೀತಿದ್ದದ್ದು ಕಾಕಾನ ಹೆಸರಿನ ಬೆಳೆ ರೊಕ್ಕದ ಮೇಲೆ.

(ಮೊದಲೇ ಹೇಳಿಬಿಡ್ತೀನಿ: ಈ ಕಂಪನಿ ಷೇರು ನನ್ನ ಹತ್ತಿರ ಇಲ್ಲ. ತಗೋರಿ, ಮಾರ್ರಿ ಅಂತ ಹೇಳೋಕೆ ಇದನ್ನ ಬರೀತಿಲ್ಲ.)

ಹುಬ್ಬಳ್ಳಿಯಲ್ಲಿ ಔಷಧ ಕಂಪನಿ ಕೆಲಸದಲ್ಲಿರೋ ಒಬ್ಬ ಹುಡುಗ ಮೊಬೈಲಿನಲ್ಲಿ ಗೆರೆ ಎಳೆದು ತೋರಿಸ್ತಿದ್ದ. "ನೋಡ್ರಿ, ಹನ್ನೆರಡಕ್ಕ ಸಪೋರ್ಟ್ ಐತಿ. ಅದರ ಕೆಳಗ ಹೋಗೂದಿಲ್ಲ." ಕಾಕಾ ತಲೆ ಎತ್ತಿದರು. "ಸಪೋರ್ಟ್ ಅಂದ್ರ ಬೆಂಬಲ ಬೆಲೆ ಹೌದಿಲ್ಲೋ? ಹೆಸರಿಗೂ ಬೆಂಬಲ ಬೆಲೆ ಐತಿ, ಎಂಟು ಸಾವಿರದ ಏಳ್ನೂರಾ ಅರವತ್ತೆಂಟು. ಖರೀದಿ ಕೇಂದ್ರ ತಗದ್ರ ಬೆಂಬಲ, ತಗೀಲಿಲ್ಲಂದ್ರ ಬರೇ ಪೇಪರ್‌ನ್ಯಾಗ. ಇದಕ್ಕ ಖರೀದಿ ಕೇಂದ್ರ ಯಾರು ತಗಿಯವರು?" ಎಲ್ಲರೂ ನಕ್ಕರು. ನಾನು ಅಷ್ಟಾಗಿ ನಗಲಿಲ್ಲ. ಚಾರ್ಟ್ ಬಗ್ಗೆ ನಾನು ಕೇಳಿರೋ ಅತಿ ಒಳ್ಳೆ ಪ್ರಶ್ನೆ ಅದು. ‘ಸಪೋರ್ಟ್’ ಅಂದ್ರೆ ಹಿಂದೆ ಆ ಬೆಲೆಗೆ ಕೊಳ್ಳೋರು ಬಂದಿದ್ರು ಅಂತ, ಅಷ್ಟೇ. ನಾಳೆನೂ ಬರ್ತಾರೆ ಅಂತ ಯಾರೂ ಬರೆದು ಕೊಟ್ಟಿಲ್ಲ.

ನಿವೃತ್ತ ಮಾಸ್ತರ್ ಒಬ್ಬರು ಇನ್ಫೋಸಿಸ್ ತೆಗೆದರು. ಇಂಥ ಚರ್ಚೆಯಲ್ಲಿ ಅದು ಬರದೇ ಇರಲ್ಲ. 1993ರಲ್ಲಿ 95 ರೂಪಾಯಿಗೆ ಕೊಟ್ಟಾಗ ಜನ ಮುಗಿಬಿದ್ದು ತಗೊಳ್ಳಲಿಲ್ಲ, ಉಳಿದದ್ದನ್ನ ಮಾರ್ಗನ್ ಸ್ಟ್ಯಾನ್ಲಿ ಎತ್ತಿಕೊಂಡಿತು ಅನ್ನೋ ಕಥೆ ಅವರಿಗೆ ಬಾಯಿಪಾಠ. ಮಹಾರಾಷ್ಟ್ರದ ಅಮಳನೇರದ ಕಥೆಯೂ ಗೊತ್ತು. ನಮ್ಮಂಥದೇ ಒಕ್ಕಲುತನದ ಊರು. ವಿಪ್ರೋ 1945ರಲ್ಲಿ ಅಡುಗೆ ಎಣ್ಣೆ ಕಾರ್ಖಾನೆಯಾಗಿ ಶುರುವಾಗಿದ್ದು ಅಲ್ಲೇ. ಆಗ ಷೇರು ತಗೊಂಡು ಇಟ್ಟುಕೊಂಡ ಮನೆಗಳು ಕೋಟ್ಯಧೀಶರಾದವು. ಎರಡೂ ನಿಜ. ಆದರೆ ಅಮಳನೇರದವರು ಕಾರ್ಖಾನೆಯನ್ನ ದಿನಾ ಕಣ್ಣಾರೆ ನೋಡ್ತಿದ್ರು, ಬೆಲೆಯನ್ನ ದಿನಾ ನೋಡ್ತಿರಲಿಲ್ಲ. ನಮ್ಮದು ಉಲ್ಟಾ. ಮತ್ತೆ, 2000ದ ಆಸುಪಾಸಿನಲ್ಲಿ ಪೆಂಟಾಮೀಡಿಯಾ, ಸಿಲ್ವರ್‌ಲೈನ್, ಡಿಎಸ್‌ಕ್ಯೂ ಸಾಫ್ಟ್‌ವೇರ್ ಕೂಡ ಇನ್ಫೋಸಿಸ್‌ನಷ್ಟೇ ಜನರ ಬಾಯಲ್ಲಿದ್ದವು. ಅವುಗಳ ಕಥೆಯನ್ನ ಗಣಪತಿ ಪೆಂಡಾಲಿನಲ್ಲಿ ಯಾರು ಹೇಳ್ತಾರೆ?

ಇನ್ನು ತಮ್ಮನ ವಾದ. ಅದು ಗಟ್ಟಿ ಇತ್ತು ಅನ್ನಬೇಕು. ಸುಬೆಕ್ಸ್ ಮಾಡೋ ಕೆಲಸ ನಿಜವಾದ ಕೆಲಸ. ಹೊರದೇಶದ ಫೋನ್ ಕರೆಯನ್ನ ಡಬ್ಬಿ ತುಂಬ ಸಿಮ್ ಹಾಕಿ ಲೋಕಲ್ ಕರೆ ಥರ ತೋರಿಸಿ ದುಡ್ಡು ಹೊಡೆಯೋರು ಇರ್ತಾರಲ್ಲ, ಅಂಥವರನ್ನ ಹಿಡಿಯೋ ಸಾಫ್ಟ್‌ವೇರ್. ಮಾಡಿದ ಕರೆಗೆ ಬಿಲ್ ಆಗದೇ ಸೋರಿ ಹೋಗೋ ಹಣ ಪತ್ತೆ ಹಚ್ಚೋ ಸಾಫ್ಟ್‌ವೇರ್. ದೇಶ ವಿದೇಶದ ಮೊಬೈಲ್ ಕಂಪನಿಗಳು ಗಿರಾಕಿಗಳು. 2022ರಲ್ಲಿ ಜಿಯೋ ಪ್ಲಾಟ್‌ಫಾರ್ಮ್ಸ್ ಜೊತೆ 5ಜಿಗೆ ಕೈ ಜೋಡಿಸಿದ್ರು. "ಜಿಯೋ ಐತಿ, ಎಐ ಐತಿ, ಮತ್ತೇನ್ ಬೇಕಣ್ಣಾ? 2020ರಾಗ ಐದು ರೂಪಾಯಿ ಒಳಗಿದ್ದದ್ದು ಮರುವರ್ಷ ಅರವತ್ತ ದಾಟಿತ್ತು. ಅದಕ್ಕೂ ಮೊದಲ, 2007ರಾಗ, ಐನೂರರ ಮ್ಯಾಲಿತ್ತು. ಈಗ ಹದಿನೈದಕ್ಕ ಸಿಗಾಕತ್ತೈತಿ. ಐನೂರು ಬ್ಯಾಡ, ನೂರು ಆಗಲಿ ಸಾಕು."

ನನ್ನ ಪ್ರಕಾರ ಇಡೀ ಚರ್ಚೆಯ ಗಂಟು ಇರೋದು ಈ ಕೊನೆ ಮಾತಿನಲ್ಲಿ.

ಐನೂರರಿಂದ ಹದಿನೈದಕ್ಕೆ ಬಂದಿದೆ ಅಂದ್ರೆ ನಮಗೆ ಕಾಣೋದು ಬಾವಿಗೆ ಬಿದ್ದ ಕೊಡ. ಹಗ್ಗ ಹಾಕಿದ್ರೆ ಮೇಲೆ ಬರತ್ತೆ. ಆದರೆ ಕೊಡವೇ ಬೇರೆ ಆಗಿದೆ. ಸುಬೆಕ್ಸ್ 2006ರಲ್ಲಿ ಬ್ರಿಟನ್ನಿನ ಅಜೂರ್ ಸೊಲ್ಯೂಷನ್ಸ್, 2007ರಲ್ಲಿ ಕೆನಡಾದ ಸಿಂಡೆಸಿಸ್ ಅನ್ನೋ ಕಂಪನಿಗಳನ್ನ ಕೊಂಡುಕೊಂಡಿತು. ಅದಕ್ಕೆ 18 ಕೋಟಿ ಡಾಲರ್‌ನ ಬಾಂಡ್ ಸಾಲ. ಸಾಲ ಕೊಟ್ಟೋರು ಬೇಕಾದ್ರೆ ರೊಕ್ಕದ ಬದಲು ನಿಗದಿ ಮಾಡಿದ ಬೆಲೆಗೆ ಷೇರು ತಗೋಬಹುದು ಅನ್ನೋ ಥರದ ಬಾಂಡ್. ಷೇರು ಏರಿದ್ರೆ ಸಾಲ ತನ್ನಷ್ಟಕ್ಕೆ ಕರಗತ್ತೆ. ಆದ್ರೆ 2008 ಬಂತು, ಜಗತ್ತಿನ ಮಾರುಕಟ್ಟೆ ಮುಗ್ಗರಿಸಿತು, ಷೇರು ಕುಸಿಯಿತು. ನಲವತ್ತರ ಆಸುಪಾಸಿನಲ್ಲಿದ್ದ ಡಾಲರ್ 2012ರ ಹೊತ್ತಿಗೆ ಐವತ್ತು ದಾಟಿತ್ತು, ಅಂದ್ರೆ ತೀರಿಸಬೇಕಾದ ಸಾಲ ರೂಪಾಯಿ ಲೆಕ್ಕದಲ್ಲಿ ಕೂತಲ್ಲೇ ಬೆಳೀತು. ಸಂಸ್ಥಾಪಕ ಸುಭಾಷ್ ಮೆನನ್ 2012ರಲ್ಲಿ ಕಂಪನಿಯಿಂದ ಹೊರಗೆ ಹೋದ್ರು. ಸಾಲವನ್ನ ಮತ್ತೆ ಮತ್ತೆ ಹೊಂದಿಸಿ, ಕಡಿಮೆ ಬೆಲೆಗೆ ಹೊಸ ಷೇರು ಕೊಟ್ಟು ಕೊಟ್ಟು ತೀರಿಸಿದ್ರು. ಕಂಪನಿ ಉಳೀತು, ಅದು ಸಣ್ಣ ಮಾತಲ್ಲ. ಆದರೆ ಮೂರೂವರೆ ಕೋಟಿ ಆಸುಪಾಸಿದ್ದ ಷೇರುಗಳು 56 ಕೋಟಿ ಆದವು.

ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ. ಅವತ್ತು ಐನೂರು ರೂಪಾಯಿ ಅಂದ್ರೆ ಇಡೀ ಕಂಪನಿಗೆ ಮಾರುಕಟ್ಟೆ ಕಟ್ಟಿದ್ದ ಬೆಲೆ ಸುಮಾರು 1,750 ಕೋಟಿ. ಇವತ್ತು ಅದೇ ಐನೂರು ಆಗಬೇಕಂದ್ರೆ 28,000 ಕೋಟಿ. ವರ್ಷದ ವ್ಯಾಪಾರ ಮುನ್ನೂರು ಕೋಟಿ ಆಸುಪಾಸು ಇರೋ ಕಂಪನಿಗೆ. ತಮ್ಮನ ‘ನೂರು ಸಾಕು’ ಅಂದ್ರೂ 5,600 ಕೋಟಿ. ಹದಿನೈದು ರೂಪಾಯಿ ಕಡಿಮೆ ಅನ್ನಿಸೋದು ಒಂದು ಚಹಾಕ್ಕೆ ಹೋಲಿಸಿದಾಗ. 56 ಕೋಟಿ ಚಹಾ ಅಂದ್ರೆ 840 ಕೋಟಿ.

ತಮ್ಮ ಸುಮ್ಮನಾಗಲಿಲ್ಲ. "ಅಂದ್ರ ನೂರು ಆಗೂದ ಇಲ್ಲ ಅಂತೀ?" ಆಗಲ್ಲ ಅಂತ ನಾನು ಹೇಳಲಿಲ್ಲ. ಗಿರಾಕಿ ಹೆಚ್ಚಾದ್ರೆ, ಲಾಭ ನಿಂತು ಬಂದ್ರೆ, ಮಾರುಕಟ್ಟೆ ಹುಚ್ಚೆದ್ರೆ ಏನು ಬೇಕಾದ್ರೂ ಆಗಬಹುದು. ‘ಹಿಂದೆ ಇತ್ತು, ಅದಕ್ಕೇ ಮುಂದೆ ಆಗತ್ತೆ’ ಅನ್ನೋದನ್ನ ಮಾತ್ರ ನಾನು ಒಪ್ಪಲಿಲ್ಲ.

ಜಿಯೋ ಸುದ್ದಿ ಬಗ್ಗೆ ಒಂದು ಮಾತು ಹೇಳಿದೆ, ಅದು ನನ್ನ ಕಸುಬಿನದು. ನಮ್ಮ ಉದ್ಯಮದಲ್ಲಿ ‘ಕೈ ಜೋಡಿಸಿದ್ರು’ ಅನ್ನೋ ಪ್ರಕಟಣೆಗೂ ಬ್ಯಾಂಕಿಗೆ ದುಡ್ಡು ಬೀಳೋದಕ್ಕೂ ನಡುವೆ ಡೆಮೊ, ಪೈಲಟ್, ಬೆಲೆ ಚೌಕಾಶಿ, ಆರ್ಡರ್, ಇನ್‌ಸ್ಟಾಲೇಷನ್, ಬಿಲ್ ಎಲ್ಲ ಬರ್ತವೆ. ಪೈಲಟ್‌ನಲ್ಲೇ ಸತ್ತುಹೋದ ಎಷ್ಟು ಪ್ರಾಜೆಕ್ಟ್‌ಗಳಿಗೆ ನಾನೇ ಕೋಡ್ ಬರೆದಿದ್ದೀನೋ ಲೆಕ್ಕ ಇಟ್ಟಿಲ್ಲ. ಅವುಗಳ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಫೋಟೋ ಚೆನ್ನಾಗೇ ಇರ್ತಿತ್ತು.

ಇಷ್ಟು ಹೊತ್ತೂ ಮಾತಾಡದೇ ಕೂತಿದ್ದ ಗೊಬ್ಬರದ ಅಂಗಡಿ ಅಣ್ಣ ಆಗ ಬಾಯಿ ಬಿಟ್ಟರು. "ಅವರ ಗಿರಾಕಿ ಎಲ್ಲಾ ಹೊರದೇಶದವರು ಅಂದ್ರಿ. ಉದ್ರಿ ಎಷ್ಟೈತಿ?"

ನನಗೆ ಎದ್ದು ನಿಂತು ಕೈ ಕೊಡಬೇಕು ಅನ್ನಿಸ್ತು. ಮುಂಗಾರಿಗೆ ಗೊಬ್ಬರ ಕೊಟ್ಟು ಹೆಸರು ಬಂದಮೇಲೆ ವಸೂಲಿಗೆ ಓಡಾಡೋ ಮನುಷ್ಯನಿಗೆ ಮಾತ್ರ ಬರೋ ಪ್ರಶ್ನೆ ಅದು. ಮಾರಿದ್ದು ಬೇರೆ, ಕೈಗೆ ಬಂದದ್ದು ಬೇರೆ. ಪ್ರತಿ ಲಿಸ್ಟೆಡ್ ಕಂಪನಿಯ ವಾರ್ಷಿಕ ವರದಿಯಲ್ಲಿ ‘ಟ್ರೇಡ್ ರಿಸೀವಬಲ್ಸ್’ ಅಂತ ಒಂದು ಸಾಲು ಇರತ್ತೆ, ಅದೇ ಉದ್ರಿ. ಎಷ್ಟು ಹಳೇದು ಅಂತ ವಿಂಗಡಿಸಿದ ಕೋಷ್ಟಕವೂ ಹಿಂದೆ ಎಲ್ಲೋ ಇರತ್ತೆ. ಅದರ ಹತ್ತಿರವೇ ‘ಕ್ಯಾಶ್ ಫ್ಲೋ’ ಪಟ್ಟಿ. ಲಾಭದ ಸಾಲು ಹಿಗ್ಗುತ್ತಾ ಇದ್ದು ರೊಕ್ಕದ ಸಾಲು ಹಿಗ್ಗದಿದ್ರೆ ಗೊಬ್ಬರದ ಅಂಗಡಿಯವರು ಕೇಳಿದ್ದನ್ನ ನಾವೂ ಕೇಳಬೇಕು. ಮೊಬೈಲಿನಲ್ಲೇ ವರದಿ ತೆಗೆದು ಆ ಪುಟ ತೋರಿಸಿದೆ. ಪಕ್ಕದಲ್ಲೇ ಷೇರುದಾರರ ಪಟ್ಟಿಯನ್ನೂ ತೋರಿಸಿದೆ. ಸುಬೆಕ್ಸ್‌ನಲ್ಲಿ ‘ಪ್ರವರ್ತಕರು’ ಅನ್ನೋ ಸಾಲಿನಲ್ಲಿ ಸೊನ್ನೆ. ಮನೆ ಯಜಮಾನ ಅಂತ ಇಲ್ಲ. ಲಕ್ಷಗಟ್ಟಲೆ ಸಣ್ಣ ಹೂಡಿಕೆದಾರರೇ ಮಾಲೀಕರು.

"ಹಂಗಾರ ಇದೂ ಸೊಸೈಟಿನ ಆತಲ್ಲ" ಅಂದರು ಕಾಕಾ. ನೋಡೋಕೆ ಹಾಗೇ ಇದೆ ಕಾಕಾ. ಆದ್ರೆ ಇಲ್ಲಿ ವೋಟು ತಲೆಗಲ್ಲ, ಷೇರಿಗೆ. ಮತ್ತೆ ಬಹಳಷ್ಟು ಜನ ವೋಟೇ ಹಾಕಲ್ಲ.

ಕೊನೆಗೆ ಅಸಲು ವಿಷಯಕ್ಕೆ ಬಂದ್ವಿ. ತಮ್ಮ ನಲವತ್ತಕ್ಕೆ ಸಾವಿರ ಷೇರು, ಮೂವತ್ತಕ್ಕೆ ಎರಡು ಸಾವಿರ, ಇಪ್ಪತ್ತಕ್ಕೆ ಸಾವಿರ ತಗೊಂಡಿದ್ದ. ಒಟ್ಟು 4,000 ಷೇರು, 1,20,000 ರೂಪಾಯಿ, ಸರಾಸರಿ 30. ಹದಿನೈದರ ಲೆಕ್ಕದಲ್ಲಿ ಈಗ ಅರವತ್ತು ಸಾವಿರ. ಹೆಸರು ಮಾರಿ ಬರೋ ಅರವತ್ತು ಸಾವಿರವನ್ನೂ ಹಾಕಿ ‘ಆವರೇಜ್’ ಮಾಡಬೇಕು ಅನ್ನೋದು ಅವನ ಯೋಜನೆ. ಆಗ ಸರಾಸರಿ 22.50ಕ್ಕೆ ಇಳಿಯತ್ತೆ, ಅರ್ಧದಷ್ಟು ಏರಿದ್ರೆ ಸಾಕು ಅಸಲು ಬರತ್ತೆ ಅಂತ.

ಲೆಕ್ಕ ತಪ್ಪಿಲ್ಲ. ಆದರೆ ಸರಾಸರಿ ಇಳಿಯೋದು ತಮ್ಮನ ಮೊಬೈಲಿನಲ್ಲಿ ಮಾತ್ರ. ಅವನು ಎಷ್ಟಕ್ಕೆ ತಗೊಂಡಿದ್ದ ಅನ್ನೋದು ಕಂಪನಿಗೂ ಗೊತ್ತಿಲ್ಲ, ಮಾರುಕಟ್ಟೆಗೂ ಗೊತ್ತಿಲ್ಲ. ಅದಕ್ಕೇ ಅವನಿಗೆ ಒಂದೇ ಕೇಳಿದೆ. "ನಿನ್ನ ಹತ್ರ ಈ ಷೇರು ಒಂದೂ ಇರಲಿಲ್ಲ ಅಂತ ತಿಳ್ಕೊ. ಇವತ್ತು ಮೊದಲನೇ ಸಲ ನೋಡಾಕತ್ತೀ. ಆಗ ಅಪ್ಪನ ಹೆಸರಿನ ರೊಕ್ಕ ಅಷ್ಟೂ ಇದಕ್ಕ ಹಾಕ್ತಿದ್ದೇನು?" ಉತ್ತರ ಕೊಡಲಿಲ್ಲ. ಪೆಂಡಾಲಿನಲ್ಲಿ ಮಂಗಳಾರತಿ ಶುರುವಾಯ್ತು, ಎಲ್ಲರೂ ಎದ್ದರು.

ಹದಿನೈದು ದಿನದ ಮೇಲೆ ಫೋನ್ ಮಾಡಿದ. ಹೆಸರು ಮಾರಿ ಬಂದದ್ದರಲ್ಲಿ ಗೊಬ್ಬರದ ಅಂಗಡಿ ಬಾಕಿ ತೀರಿಸಿ, ಹಿಂಗಾರಿ ಕಡಲೆಗೆ ಬೇಕಾದಷ್ಟು ತೆಗೆದಿಟ್ಟ ಮೇಲೆ ಉಳಿದದ್ದು ಇಪ್ಪತ್ತೆರಡು ಸಾವಿರವಂತೆ. ಅದನ್ನ ಬ್ಯಾಂಕಿನಲ್ಲೇ ಇಟ್ಟಿದ್ದಾನೆ. ಹಳೇ 4,000 ಷೇರು ಮಾರಿಲ್ಲ. ಮಾರೋದೂ ಇಲ್ಲವಂತೆ. "ಮಾಲಕ ಅದೀನಲ್ಲ, ನೋಡೂಣು" ಅಂದ. ಆಮೇಲೆ ಕೇಳಿದ, ಮುಂದಿನ ವಾರ್ಷಿಕ ಸಭೆ ವಿಡಿಯೋದಾಗ ನಡದ್ರ ನಮ್ಮಂಥವರು ಮಾತಾಡಬಹುದೇನು ಅಂತ. ಸಭೆಯ ನೋಟಿಸಿನಲ್ಲಿ ಕೊಟ್ಟಿರೋ ದಿನಾಂಕದೊಳಗೆ ಡಿಮ್ಯಾಟ್‌ಗೆ ಕೊಟ್ಟಿರೋ ಇಮೇಲ್‌ನಿಂದ ‘ಸ್ಪೀಕರ್’ ಅಂತ ಹೆಸರು ನೋಂದಾಯಿಸಬೇಕು ಅಂದೆ. ಪ್ರಶ್ನೆ ಆಗಲೇ ಬರೆದಿಟ್ಟುಕೊಂಡಿದ್ದ, ಓದಿ ಹೇಳಿದ: "ಗಿರಾಕಿಗಳ ಕಡಿಂದ ಉದ್ರಿ ಎಷ್ಟ ದಿನಕ್ಕ ವಸೂಲ್ ಆಗತೈತಿ? ಜಿಯೋ ಜೋಡಿ ಮಾಡಿದ ಕೆಲಸದ್ದು ಈತನಕ ಎಷ್ಟು ರೊಕ್ಕ ಬಂದೈತಿ?"

"ಇಂಗ್ಲಿಷಿನ್ಯಾಗ ಮಾಡಿ ಕೊಡ್ತೀಯೇನಣ್ಣಾ?" ಅಂದ. ಬ್ಯಾಡ, ಹಿಂಗ ಕೇಳು, ಬೆಂಗಳೂರಿನ ಕಂಪನಿ ಅದು ಅಂದೆ.