ಪುಟದ ಅಂಚಿನ ಕಲಾವಿದ

ಕಥೆಯ ಪಕ್ಕದಲ್ಲಿ ಚಿತ್ರವೊಂದು ಕಂಡರೆ ಓದುಗರು ಅರೆಗಳಿಗೆ ನೋಡಿ ಮುಂದಿನ ಸಾಲಿಗೆ ಕಣ್ಣು ಹಾಯಿಸುತ್ತಾರೆ. ಕಥೆಗಾರನ ಹೆಸರು ನೆನಪಿನಲ್ಲುಳಿಯುತ್ತದೆ. ಚಿತ್ರಗಾರನ ಹೆಸರು ಮೂಲೆಯ ಎರಡಕ್ಷರಗಳಲ್ಲಿ ಅಡಗಿಹೋಗುತ್ತದೆ. ಪರರ ಬರೆಹಕ್ಕೆ ಚಿತ್ರ ಬರೆಯುವವನದು ಬಾಡಿಗೆಯ ಕುಂಚವೆಂದೂ, ತನ್ನಿಚ್ಛೆಯಂತೆ ಚಿತ್ರಿಸುವವನೇ ನಿಜವಾದ ಕಲಾವಿದನೆಂದೂ ಭಾವಿಸುವವರು ವಿದ್ಯಾವಂತರಲ್ಲಿಯೂ ಕಡಮೆಯಿಲ್ಲ. ಈ ಭಾವನೆ ಎಷ್ಟು ಪೊಳ್ಳೆಂಬುದನ್ನು ತಿಳಿಯಲು ನಂದಲಾಲ್ ಬೋಸರ ಬಾಳೊಂದೇ ಸಾಕು.

ನಂದಲಾಲರು ಹುಟ್ಟಿದ್ದು ೧೮೮೨ರಲ್ಲಿ, ಬಿಹಾರದ ಖರಗ್‌ಪುರದಲ್ಲಿ. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಅವರು ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಅದೇ ಗುರುವಿನ ಬಳಿ ಕಲಿತ ಮತ್ತೊಬ್ಬರು ಮೈಸೂರಿನ ಕೆ. ವೆಂಕಟಪ್ಪನವರು. ಸೋದರಿ ನಿವೇದಿತಾ ಆರಂಭಿಸಿ, ಆಕೆಯ ನಿಧನಾನಂತರ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ ಭಾರತೀಯ ಪುರಾಣಕಥೆಗಳ ಗ್ರಂಥವು ೧೯೧೩ರಲ್ಲಿ ಪ್ರಕಟವಾದಾಗ, ಅದರ ೩೨ ವರ್ಣಚಿತ್ರಗಳು ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿಯೇ ಸಿದ್ಧವಾಗಿದ್ದುವು. ನಂದಲಾಲ, ವೆಂಕಟಪ್ಪ ಇಬ್ಬರ ಚಿತ್ರಗಳೂ ಆ ಒಂದೇ ಗ್ರಂಥದಲ್ಲಿವೆ. ಆಧುನಿಕ ಭಾರತದ ಇಬ್ಬರು ಹಿರಿಯ ಕಲಾವಿದರು ಪುಸ್ತಕದ ಚಿತ್ರಗಾರಿಕೆಯನ್ನು ಕೀಳೆಂದು ಬಗೆಯಲಿಲ್ಲ.

ನಂದಲಾಲರ ನಿಜವಾದ ಪಾಠಶಾಲೆಯೆಂದರೆ ಅಜಂತೆ. ೧೯೦೯ರ ಚಳಿಗಾಲದಲ್ಲಿ ಇಂಗ್ಲೆಂಡಿನ ಲೇಡಿ ಹೆರಿಂಗ್‌ಹ್ಯಾಮ್ ಅಲ್ಲಿನ ಭಿತ್ತಿಚಿತ್ರಗಳನ್ನು ಪ್ರತಿ ಮಾಡಿಸಲು ಬಂದಾಗ, ಆ ಕಾರ್ಯದಲ್ಲಿ ನೆರವಾದ ತರುಣರಲ್ಲಿ ಇವರೂ ಒಬ್ಬರು. ೧೯೨೧ರಲ್ಲಿ ಗ್ವಾಲಿಯರ್ ಸಂಸ್ಥಾನದ ಬಾಘ್ ಗುಹೆಗಳಿಗೂ ಇದೇ ಕೆಲಸಕ್ಕಾಗಿ ಹೋದರು. ನಕಲು ಮಾಡುವುದೆಂದರೆ ಹಗುರವಾಗಿ ಕಾಣುವುದು ಲೋಕರೂಢಿ. ಆದರೆ ಮಾಸಿದ ಗೋಡೆಯ ಮುಂದೆ ಕುಳಿತು ಒಂದು ಬೆರಳಿನ ಬಾಗನ್ನು ಕಾಗದಕ್ಕಿಳಿಸುವವನಿಗೆ, ಶತಮಾನಗಳ ಹಿಂದಿನ ಚಿತ್ರಗಾರನು ಕುಂಚವನ್ನು ಎಲ್ಲಿ ಒತ್ತಿದ, ಎಲ್ಲಿ ಸಡಿಲಿಸಿದ ಎಂಬುದು ಕೈಗೇ ತಿಳಿಯುತ್ತದೆ. ಕಲೆಯ ಇತಿಹಾಸವನ್ನು ನಂದಲಾಲರು ಹೀಗೆ ಬೆರಳುಗಳಿಂದ ಓದಿದರು. ೧೯೨೪ರಲ್ಲಿ ರವೀಂದ್ರನಾಥರೊಡನೆ ಚೀನ, ಜಪಾನುಗಳಿಗೆ ಹೋಗಿ ಅಲ್ಲಿನ ಮಸಿಚಿತ್ರಗಳನ್ನೂ ಕಂಡರು. ಕಾಲೀಘಾಟಿನ ಬೀದಿಯಲ್ಲಿ ಯಾತ್ರಿಕರು ಕೊಳ್ಳುತ್ತಿದ್ದ ಅಗ್ಗದ ಪಟಗಳೂ ಅವರಿಗೆ ಗುರುವೇ ಆದುವು.

ಈ ವಿದ್ವತ್ತನ್ನು ಅವರು ಕಪಾಟಿನಲ್ಲಿಟ್ಟು ಬೀಗ ಹಾಕಲಿಲ್ಲ. ೧೯೩೦ರಲ್ಲಿ ರವೀಂದ್ರನಾಥರ ‘ಸಹಜ ಪಾಠ’ಕ್ಕೆ ಚಿತ್ರ ಬರೆದರು. ಲಿನೋಲಿಯಮ್ಮಿನ ಮೇಲೆ ಕೊರೆದು ಅಚ್ಚೊತ್ತಿದ ಅಚ್ಚ ಕಪ್ಪುಬಿಳುಪಿನ ಆ ಚಿತ್ರಗಳೊಡನೆಯೇ ತಲೆಮಾರುಗಳ ಬಂಗಾಳಿ ಮಕ್ಕಳು ಅಕ್ಷರ ಕಲಿತರು. ಅದೇ ವರ್ಷ, ಕೋಲೂರಿ ದಂಡಿಗೆ ನಡೆದ ಗಾಂಧೀಜಿಯ ಮೂರ್ತಿಯನ್ನೂ ಅದೇ ವಿಧಾನದಲ್ಲಿ ಕೊರೆದರು. ೧೯೩೮ರಲ್ಲಿ ಗುಜರಾತಿನ ಹರಿಪುರದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅವರನ್ನು ಕರೆದಾಗ, ಹಳ್ಳಿಗರು ನಡೆದಾಡುವ ದಾರಿಯಲ್ಲಿ ತೂಗಲೆಂದು ಚಿತ್ರಪಟಗಳ ಸಾಲನ್ನೇ ಸಿದ್ಧಪಡಿಸಿದರು. ಚಮ್ಮಾರ, ಬಡಗಿ, ಡೋಲು ಬಾರಿಸುವವ, ಭತ್ತ ಕುಟ್ಟುವ ಹೆಂಗಸು ಇವರೇ ಅಲ್ಲಿನ ನಾಯಕ-ನಾಯಿಕೆಯರು. ಸಾಧಾರಣ ಕಾಗದ, ಮಣ್ಣಿನ ಬಣ್ಣ, ತುಂಬು ಗೆರೆ. ದುಬಾರಿಯಾದುದು ಏನೊಂದೂ ಇರಲಿಲ್ಲ. ಅಜಂತೆಯ ಗೆರೆ ಚಮ್ಮಾರನ ಬೆನ್ನಿನ ಬಾಗಿಗೆ ಬಂದು ಸೇರಿತ್ತು.

ಅರುವತ್ತೇಳರ ವಯಸ್ಸಿನಲ್ಲಿ ಅವರ ಪಾಲಿಗೆ ಬಂದ ಕೆಲಸ ಭಾರತದ ಸಂವಿಧಾನದ ಹಸ್ತಪ್ರತಿಯದು. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅವರು ಮುದ್ದಾದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಆ ಗ್ರಂಥದ ೨೨ ಭಾಗಗಳಿಗೂ ನಂದಲಾಲರೂ ಶಾಂತಿನಿಕೇತನದ ಅವರ ಶಿಷ್ಯರೂ ಚಿತ್ರ ತುಂಬಿದರು. ಮೊಹೆಂಜೊದಾರೊವಿನ ಮುದ್ರೆಯ ಗೂಳಿಯಿಂದ ಆರಂಭವಾಗುವ ಈ ಸಾಲಿನಲ್ಲಿ ಬುದ್ಧ, ಮಹಾವೀರ, ಅಶೋಕ, ನಲಂದಾ, ಮಹಾಬಲಿಪುರ, ಅಕ್ಬರ್ ಇವರೆಲ್ಲ ಬರುತ್ತಾರೆ. ಹದಿನಾರನೆಯ ಭಾಗದಲ್ಲಿ ಝಾನ್ಸಿಯ ಲಕ್ಷ್ಮೀಬಾಯಿಯ ಜೊತೆಗೆ ಮೈಸೂರಿನ ಟಿಪ್ಪು ಸುಲ್ತಾನನಿದ್ದಾನೆ. ಕೊನೆಯಲ್ಲಿ ಹಿಮಾಲಯ, ಮರುಭೂಮಿ, ಸಾಗರ.

ಕಾಯಿದೆಯ ವಿಧಿಗೂ ಅದರ ತಲೆಯ ಮೇಲಿನ ಚಿತ್ರಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಈ ಚಿತ್ರಗಳು ವಿಧಿಗಳಿಗೆ ವ್ಯಾಖ್ಯಾನವಲ್ಲ. ಮುಂದೆ ಹೇಗೆ ಬಾಳಬೇಕೆಂದು ಜನ ಬರೆದುಕೊಂಡ ಮಾತಿನ ಪಕ್ಕದಲ್ಲಿ, ಅವರು ಎಲ್ಲಿಂದ ನಡೆದುಬಂದರೆಂಬುದನ್ನು ಚಿತ್ರಗಾರ ನೆನಪಿಸುತ್ತಾನೆ. ಒಂದೇ ಮತ, ಒಂದೇ ರಾಜವಂಶ, ಒಂದೇ ಪ್ರಾಂತದ ಕಥೆಯನ್ನು ಹೇಳಿದ್ದರೆ ಆ ನೆನಪು ಸುಳ್ಳಾಗುತ್ತಿತ್ತು.

ಈ ಕಾರ್ಯದಲ್ಲಿ ಗುರುವು ಶಿಷ್ಯರಿಗಿತ್ತ ಸ್ಥಾನವೂ ಗಮನಾರ್ಹವಾದುದು. ಪ್ರಸ್ತಾವನೆಯ ಪುಟವನ್ನು ಅಲಂಕರಿಸಿದವರು ಜಬ್ಬಲ್‌ಪುರದ ರಾಮಮನೋಹರ ಸಿನ್ಹಾ. ಮೂಲೆಯಲ್ಲಿ ‘ರಾಮ’ ಎಂಬ ಪುಟ್ಟ ಅಂಕಿತವಿದೆ. ಸಾರನಾಥದ ಸಿಂಹಗಳನ್ನು ಬರೆಯುವ ಹೊಣೆ ದೀನಾನಾಥ ಭಾರ್ಗವ ಎಂಬ ತರುಣನ ಪಾಲಿಗೆ ಬಂತು. ಗುರುವಿನ ಅಪ್ಪಣೆಯಂತೆ ಆ ತರುಣ ಕಲ್ಕತ್ತೆಯ ಮೃಗಾಲಯಕ್ಕೆ ಹಲವು ಸಲ ಹೋಗಿ, ಜೀವಂತ ಸಿಂಹಗಳ ಚಲನವಲನವನ್ನು ನೋಡಿಬಂದನೆಂದು ಹೇಳುತ್ತಾರೆ. ಶಿಲೆಯ ಸಿಂಹ ಎದುರಿಗಿದ್ದರೂ ಉಸಿರಾಡುವ ಸಿಂಹವನ್ನು ನೋಡಬೇಕು: ಪ್ರಾಚೀನ ಕಲೆಯ ಮೇಲಿನ ಪ್ರೀತಿ ಬರಿಯ ಅನುಕರಣವಾಗದಂತೆ ಕಾಯುವ ಸೂತ್ರವೇ ಇದು.

ನಂದಲಾಲರು ೧೯೬೬ರಲ್ಲಿ ತೀರಿಕೊಂಡರು. ಅವರ ಸಂವಿಧಾನದ ಮೂಲಪ್ರತಿ ದಿಲ್ಲಿಯಲ್ಲಿ ಭದ್ರವಾಗಿದೆ; ಡೆಹರಾಡೂನಿನಲ್ಲಿ ಅದರ ಪಡಿಯಚ್ಚುಗಳೂ ಮುದ್ರಿತವಾದುವು. ಆದರೆ ವಕೀಲರ ಮೇಜಿನ ಮೇಲೆ, ವಿದ್ಯಾರ್ಥಿಯ ಕೈಯಲ್ಲಿ ಸಾಮಾನ್ಯವಾಗಿ ಕಾಣುವ ಪ್ರತಿಗಳಲ್ಲಿ ಈ ಚಿತ್ರಗಳಿರುವುದಿಲ್ಲ. ಹಕ್ಕುಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಹುಡುಗನಿಗೆ ಆ ಗೂಳಿಯನ್ನೂ ಆ ಸಾಗರವನ್ನೂ ಒಮ್ಮೆ ತೋರಿಸುವುದು ಮನೆಯ ಹಿರಿಯರಿಗೆ ಕಷ್ಟದ ಕೆಲಸವೇನಲ್ಲ. ಪಡಿಯಚ್ಚಿರುವ ಗ್ರಂಥಾಲಯವೊಂದನ್ನು ಹುಡುಕಿ, ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋದರಾಯಿತು.